ಹದಿಹರೆಯದವರ ಕಾದಂಬರಿಕಾರರನ್ನು ಮುಂಬಯಿಗೆ ಕರೆಸಿ ಬರವಣಿಗೆ ಕಮ್ಮಟ ನಡೆಸುವುದು: ಸಮಗ್ರ ಮಾರ್ಗದರ್ಶಿ

ಲೇಖಕರನ್ನು ಕರೆಸುವುದು ಮುಂಬಯಿಯ ಕನ್ನಡ ಸಂಘಗಳಿಗೆ ಹೊಸದಲ್ಲ. ಮಾಟುಂಗದ ಮೈಸೂರು ಅಸೋಸಿಯೇಷನ್ 1926ರಲ್ಲಿ, ಮಾಹಿಮ್‌ನ ಕರ್ನಾಟಕ ಸಂಘ 1933ರಲ್ಲಿ ಹುಟ್ಟಿದವು. ಉಪನ್ಯಾಸ, ನಾಟಕ, ಪುಸ್ತಕ ಬಿಡುಗಡೆ ಎಲ್ಲವೂ ಇಲ್ಲಿ ತಲೆಮಾರುಗಳಿಂದ ನಡೆದು ಬಂದಿವೆ. ಆದರೆ ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಶಾಲು-ಹಾರ, ಅಧ್ಯಕ್ಷರ ಮಾತು, ವಂದನಾರ್ಪಣೆ ಎಂಬ ಸಭೆಯ ಕ್ರಮ ದೊಡ್ಡವರಿಗಾಗಿ ರೂಢಿಯಾದದ್ದು. ಅದನ್ನೇ ಹದಿಮೂರರಿಂದ ಹದಿನೆಂಟರ ಮಕ್ಕಳ ಮುಂದೆ ನಡೆಸಿದರೆ ಲೇಖಕರ ಪಾಲಿಗೆ ಮುಕ್ಕಾಲು ಗಂಟೆ ಉಳಿಯುತ್ತದೆ, ಮಕ್ಕಳ ಪಾಲಿಗೆ ಒಂದು ಗುಂಪು ಫೋಟೊ.

ಈ ಮಾರ್ಗದರ್ಶಿಯ ಆಧಾರ ಒಂದೇ ನಿಯಮ: ಮಕ್ಕಳು ಕೂತು ಬರೆಯುವ ಹೊತ್ತೇ ಕಾರ್ಯಕ್ರಮ, ಮಿಕ್ಕದ್ದೆಲ್ಲ ಅದಕ್ಕೆ ಬೇಕಾದ ಏರ್ಪಾಡು. ಒಂದು ದಿನದ ಕಮ್ಮಟದಲ್ಲಿ ಪೆನ್ನು ಓಡುವ ಹೊತ್ತು ಕನಿಷ್ಠ 100 ನಿಮಿಷ ಇರಬೇಕು. ವೇಳಾಪಟ್ಟಿ ಮಾಡಿದ ಮೇಲೆ ಆ ನಿಮಿಷಗಳನ್ನು ಕೂಡಿಸಿ ನೋಡಿ. 100 ಆಗದಿದ್ದರೆ ಭಾಷಣಗಳನ್ನು ಕಡಿಮೆ ಮಾಡಿ.

ಮಾತುಕತೆಯೋ ಕಮ್ಮಟವೋ, ಮೊದಲು ತೀರ್ಮಾನಿಸಿ

ಇವೆರಡೂ ಬೇರೆ ಬೇರೆ ಕೆಲಸ. ಮಾತುಕತೆಗೆ 100-150 ಮಕ್ಕಳು ಕೂರಬಹುದು, 60ರಿಂದ 75 ನಿಮಿಷ ಸಾಕು. ಲೇಖಕರು ತಮ್ಮ ಪುಸ್ತಕದಿಂದ ಐದಾರು ನಿಮಿಷ ಓದುತ್ತಾರೆ, ಅದು ಹುಟ್ಟಿದ ಬಗೆ ಹೇಳುತ್ತಾರೆ, ಉಳಿದ ಅರ್ಧ ಹೊತ್ತು ಮಕ್ಕಳ ಪ್ರಶ್ನೆಗೆ. ಕಮ್ಮಟಕ್ಕೆ 24ರ ಮೇಲೆ ಒಂದು ಮಗುವನ್ನೂ ಸೇರಿಸಬೇಡಿ. ಕೊನೆಯಲ್ಲಿ ಎಂಟೆಂಟರ ಮೂರು ಗುಂಪು ಮಾಡಿ ಪ್ರತಿ ಮಗುವಿಗೆ 6 ನಿಮಿಷ ಕೊಟ್ಟರೆ 48 ನಿಮಿಷ ಬೇಕು. ಗುಂಪು ಹನ್ನೆರಡಕ್ಕೆ ಏರಿದರೆ ಅದೇ ಕೆಲಸಕ್ಕೆ 72 ನಿಮಿಷ ಹಿಡಿಯುತ್ತದೆ, ಎಂಟನೆಯವರ ಹೊತ್ತಿಗೇ ಕೇಳುವವರ ಕಿವಿ ದಣಿದಿರುತ್ತದೆ. "ನಮ್ಮ ಅಣ್ಣನ ಮಗಳನ್ನೂ ಒಂದು ಸೇರಿಸಿಕೊಳ್ಳಿ" ಎಂಬ ಫೋನುಗಳು ಬಂದೇ ಬರುತ್ತವೆ. ಅಂಥವರಿಗೆ ಮುಂದಿನ ಸಲದ ಪಟ್ಟಿಯಲ್ಲಿ ಮೊದಲ ಜಾಗ ಕೊಡಿ.

ವಯಸ್ಸನ್ನು 13-15, 16-18 ಎಂದು ಎರಡಾಗಿ ಒಡೆಯಿರಿ. ಹದಿಮೂರರ ಮಗು ಗೆಳೆತನ ಮುರಿದದ್ದನ್ನು ಬರೆಯುವಾಗ ಪಕ್ಕದಲ್ಲಿ ಹದಿನೇಳರವರು ಪ್ರೇಮ, ಮೈ, ಸಾವು ಬರೆಯುತ್ತಿದ್ದರೆ ಇಬ್ಬರೂ ಕೈ ಬಿಗಿ ಹಿಡಿಯುತ್ತಾರೆ.

ದಿನ ಗೊತ್ತುಮಾಡುವುದು

ಮೇ ತಿಂಗಳು ರಜೆಯೇನೋ ಹೌದು, ಆದರೆ ಮಕ್ಕಳೆಲ್ಲ ಊರಿನಲ್ಲಿರುತ್ತಾರೆ. ದೀಪಾವಳಿ ರಜೆಯ ಕಥೆಯೂ ಬಹುಪಾಲು ಅಷ್ಟೇ. ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಒಂದು ದೊಡ್ಡ ಮಳೆ ಬಿದ್ದರೆ ಲೋಕಲ್ ರೈಲು ನಿಂತು, ಕಮ್ಮಟವೂ ನಿಲ್ಲುತ್ತದೆ. ಹತ್ತನೆಯವರು ಜನವರಿ ಹೊತ್ತಿಗೆ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಮುಳುಗುತ್ತಾರೆ. ಹೀಗೆ ಸೋಸಿದರೆ ಉಳಿಯುವುದು ನವೆಂಬರ್ ಕೊನೆ, ಡಿಸೆಂಬರ್ ಮೊದಲರ್ಧ. ಹತ್ತು-ಹನ್ನೆರಡನೆಯವರನ್ನು ಬಿಟ್ಟರೆ ಜನವರಿಯೂ ಆದೀತು.

ಮಕ್ಕಳಿಗೆ ಪೂರ್ತಿ ಬಿಡುವು ಸಿಗುವುದು ಭಾನುವಾರ, ಹಳಿ ದುರಸ್ತಿಗಾಗಿ ಲೋಕಲ್ ಓಡಾಟ ಕಡಿತಗೊಳಿಸುವ ಮೆಗಾ ಬ್ಲಾಕ್ ಬರುವುದೂ ಭಾನುವಾರವೇ. ಮಧ್ಯ ರೈಲ್ವೆಯ ಮುಖ್ಯ ಮಾರ್ಗದಲ್ಲೂ ಹಾರ್ಬರ್ ಮಾರ್ಗದಲ್ಲೂ ಬ್ಲಾಕ್ ಸಾಮಾನ್ಯವಾಗಿ ಬೆಳಗ್ಗೆ 11ರ ಆಸುಪಾಸಿನಲ್ಲಿ ಶುರುವಾಗಿ ಸಂಜೆ 4ರ ಸುಮಾರಿಗೆ ಮುಗಿಯುತ್ತದೆ. ಆದ್ದರಿಂದ ಕಮ್ಮಟ 10ಕ್ಕೆ ಶುರುವಾಗಲಿ, ಮಕ್ಕಳು 9.45ಕ್ಕೆ ಒಳಗಿರಲಿ. 11ಕ್ಕೆ ಇಟ್ಟರೆ ಡೊಂಬಿವಲಿ, ಕಲ್ಯಾಣ್ ಕಡೆಯವರು 12ಕ್ಕೆ ಮುಟ್ಟುತ್ತಾರೆ. ಬ್ಲಾಕಿನ ವಿವರ ಹಿಂದಿನ ಒಂದೆರಡು ದಿನದಲ್ಲಿ ಪ್ರಕಟವಾಗುತ್ತದೆ, ಅದನ್ನು ಪಾಲಕರ ವಾಟ್ಸಾಪ್ ಗುಂಪಿಗೆ ಹಾಕುವ ಕೆಲಸವನ್ನು ಒಬ್ಬರಿಗೆ ವಹಿಸಿ. ಹೆಚ್ಚಿನ ಮಕ್ಕಳು ಉಪನಗರದವರೇ ಆದರೆ ಕಮ್ಮಟವನ್ನೇ ಅವರಿದ್ದಲ್ಲಿಗೆ ಒಯ್ಯಿರಿ. ಒಬ್ಬ ಲೇಖಕರು ಪ್ರಯಾಣ ಮಾಡುವುದು 24 ಮಕ್ಕಳು ಮಾಡುವುದಕ್ಕಿಂತ ಸುಲಭ.

ಯಾರನ್ನು ಕರೆಯುವುದು

ಸಮಿತಿಗಳು ಎಡವುವ ಒಂದು ಜಾಗವಿದೆ. ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ ಹದಿಹರೆಯದವರಿಗಾಗಿ ಬರೆದವರಿಗೆ ಕೊಡುವ ಬಹುಮಾನವಲ್ಲ, ಅದು 35 ವರ್ಷದೊಳಗಿನ ಲೇಖಕರಿಗೆ. ಎಳೆಯರ ಸಾಹಿತ್ಯಕ್ಕಿರುವುದು ಬಾಲ ಸಾಹಿತ್ಯ ಪುರಸ್ಕಾರ, 2010ರಿಂದ ಕೊಡುತ್ತಿದ್ದಾರೆ. ಆ ಪಟ್ಟಿಯಿಂದ ಹುಡುಕಾಟ ಶುರುಮಾಡಬಹುದು, ಆದರೆ ಅಲ್ಲಿಗೇ ನಿಲ್ಲಬೇಡಿ. ಪುಟ್ಟ ಮಕ್ಕಳ ಪದ್ಯ ಬರೆಯುವವರು, ದೊಡ್ಡವರ ಕಾದಂಬರಿಯಲ್ಲಿ ಹುಡುಗನೊಬ್ಬನನ್ನು ತಂದವರು, ಹದಿಹರೆಯದವರಿಗಾಗಿಯೇ ಬರೆಯುವವರು, ಈ ಮೂವರೂ ಒಂದೇ ಅಲ್ಲ. ಕೊನೆಯವರ ಕಾದಂಬರಿಯಲ್ಲಿ ಕಥೆಯ ಕಣ್ಣು ಹುಡುಗ ಅಥವಾ ಹುಡುಗಿಯದ್ದೇ ಆಗಿರುತ್ತದೆ. ಮುಖ್ಯವಾದ ನಿರ್ಧಾರವನ್ನು ಆ ಪಾತ್ರವೇ ತೆಗೆದುಕೊಳ್ಳುತ್ತದೆ, ಹಿರಿಯರು ಬಂದು ಬಿಡಿಸುವುದಿಲ್ಲ. ಕರೆಯುವ ಮೊದಲು ಸಮಿತಿಯ ಇಬ್ಬರಾದರೂ ಅವರ ಎರಡು ಪುಸ್ತಕ ಓದಿರಬೇಕು.

ಇನ್ನೊಂದು ವಿಷಯ: ಚೆನ್ನಾಗಿ ಬರೆಯುವವರೆಲ್ಲ ಚೆನ್ನಾಗಿ ಬರೆಸಲಾರರು. "ಈ ಹಿಂದೆ ಮಕ್ಕಳ ಜೊತೆ ಯಾವ ಅಭ್ಯಾಸ ಮಾಡಿಸಿದ್ದೀರಿ?" ಎಂದು ನೇರವಾಗಿ ಕೇಳಿ. ಅನುಭವ ಇಲ್ಲವೆಂದರೆ ಮಾತುಕತೆಗೆ ಕರೆಯಿರಿ, ಕಮ್ಮಟದ ಹೊಣೆಯನ್ನು ಸ್ಥಳೀಯ ಶಿಕ್ಷಕರ ಜೊತೆ ಹಂಚಿ.

ಆಹ್ವಾನ, ಪ್ರಯಾಣ, ಗೌರವಧನ

ಕನಿಷ್ಠ ಮೂರು ತಿಂಗಳು ಮೊದಲು ಬರೆಯಿರಿ. ರೈಲಿನ ಮುಂಗಡ ಕಾಯ್ದಿರಿಸುವಿಕೆ ಈಗ 60 ದಿನ ಮೊದಲಷ್ಟೇ ತೆರೆಯುತ್ತದೆ, ಅದಕ್ಕೂ ಮುನ್ನ ಒಪ್ಪಿಗೆ ಕೈಯಲ್ಲಿರಬೇಕು. ಪತ್ರದಲ್ಲಿ ಹೊಗಳಿಕೆ ಒಂದು ಸಾಲು ಸಾಕು, ವಿವರ ಪೂರ್ತಿ ಇರಲಿ:

"ಮಾನ್ಯರೇ, ನಮಸ್ಕಾರ. ನವೆಂಬರ್ ಕೊನೆಯ ಭಾನುವಾರ ಮಾಟುಂಗದಲ್ಲಿ 13ರಿಂದ 15 ವಯಸ್ಸಿನ 24 ಮಕ್ಕಳಿಗೆ ಕಥೆ ಬರೆಯುವ ಕಮ್ಮಟ ಇಟ್ಟುಕೊಂಡಿದ್ದೇವೆ. ಬೆಳಗ್ಗೆ 10ರಿಂದ ಮಧ್ಯಾಹ್ನ 3.45. ಇವರಲ್ಲಿ 10 ಮಂದಿ ಕನ್ನಡ ಸರಾಗವಾಗಿ ಓದುತ್ತಾರೆ, 8 ಮಂದಿ ಅಕ್ಷರ ಕೂಡಿಸಿ ಓದುತ್ತಾರೆ, 6 ಮಂದಿಗೆ ಮಾತು ಮಾತ್ರ ಬರುತ್ತದೆ. ಗೌರವಧನ ಇಷ್ಟು. ಪ್ರಯಾಣ, ಎರಡು ರಾತ್ರಿಯ ವಸತಿ ನಮ್ಮದು. ಸಭಾ ಕಾರ್ಯಕ್ರಮ ಇರುವುದಿಲ್ಲ. ನಿಮಗೆ ಬೇಕಾದ ಸಾಮಗ್ರಿ, ಊಟದ ಪಥ್ಯ ತಿಳಿಸಿ."

ಓದುಬರಹದ ಆ ಮೂರು ಅಂಕೆಗಳನ್ನು ಬಿಡಬೇಡಿ. ಬೆಂಗಳೂರಿನಿಂದಲೋ ಧಾರವಾಡದಿಂದಲೋ ಬರುವ ಲೇಖಕರು ಎಲ್ಲರೂ ಕನ್ನಡ ಓದಬಲ್ಲರು ಎಂದುಕೊಂಡು ಅಚ್ಚು ಹಾಳೆಗಳ ಕಟ್ಟಿನೊಂದಿಗೆ ಇಳಿಯುತ್ತಾರೆ. ಮೊದಲ ಹತ್ತು ನಿಮಿಷದಲ್ಲಿ ಅರ್ಧ ತರಗತಿ ಕಳಚಿಕೊಳ್ಳುತ್ತದೆ.

ಮಂಗಳೂರು, ಉಡುಪಿ ಕಡೆಯಿಂದ ಬರುವವರಿಗೆ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ಗೆ ಮುಟ್ಟಿಸುತ್ತದೆ, ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ಗೆ (ಸಿಎಸ್‌ಎಂಟಿ). ಉದ್ಯಾನ್‌ನಲ್ಲಿ ಸುಮಾರು ಒಂದು ಹಗಲು ಒಂದು ರಾತ್ರಿ ಕಳೆಯುತ್ತದೆ. ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ವೇಳಾಪಟ್ಟಿಯೇ ಬೇರೆ, ಗಾಡಿಗಳು ನಿಧಾನ. ಯಾವ ದಾರಿಯಾದರೂ ಶನಿವಾರ ಸಂಜೆಯೊಳಗೆ ಮುಟ್ಟುವಂತೆ ನೋಡಿ. ರೈಲಿನಿಂದ ಇಳಿದವರನ್ನು ನೇರ ತರಗತಿಗೆ ಕರೆತರುವುದು ಅವರಿಗೂ ಮಕ್ಕಳಿಗೂ ಅನ್ಯಾಯ.

ಗೌರವಧನವನ್ನೂ ಪ್ರಯಾಣದ ಖರ್ಚನ್ನೂ ಒಂದೇ ಲಕೋಟೆಯಲ್ಲಿ ಬೆರೆಸಬೇಡಿ. ಮೊತ್ತವನ್ನು ಪತ್ರದಲ್ಲೇ ಹೇಳಿ, ಅದೇ ದಿನ ಬ್ಯಾಂಕಿಗೆ ಕಳಿಸಿ. ಒಬ್ಬರೇ ಲೇಖಕರಿಗೆ ಒಂದು ಆರ್ಥಿಕ ವರ್ಷದಲ್ಲಿ ಕೊಟ್ಟ ವೃತ್ತಿ ಶುಲ್ಕ 50,000 ರೂಪಾಯಿ ದಾಟಿದರೆ ಸಂಸ್ಥೆ 10% ಟಿಡಿಎಸ್, ಅಂದರೆ ಮೂಲದಲ್ಲೇ ಮುರಿದುಕೊಳ್ಳುವ ತೆರಿಗೆ, ಹಿಡಿಯಬೇಕು (2025ರ ಏಪ್ರಿಲ್‌ಗೆ ಮುಂಚೆ ಮಿತಿ 30,000 ಇತ್ತು). ಪ್ಯಾನ್ ಸಂಖ್ಯೆಯನ್ನು ಒಪ್ಪಿಗೆಯ ಜೊತೆಗೇ ಕೇಳಿ. ಶಾಲು, ಹಾರ, ಸ್ಮರಣಿಕೆಗೆ ಎತ್ತಿಟ್ಟ ಹಣದಲ್ಲಿ ಆ ಲೇಖಕರ 24 ಪುಸ್ತಕ ಕೊಳ್ಳಿ. ಯಾವ ಲೇಖಕರೂ ಇದಕ್ಕೆ ಬೇಸರ ಪಡುವುದಿಲ್ಲ.

ಪುಸ್ತಕ ಮಕ್ಕಳ ಕೈಗೆ ಮೊದಲೇ ಸೇರಬೇಕು

ಕನ್ನಡ ಪುಸ್ತಕ ಮುಂಬಯಿಯ ಅಂಗಡಿಯಲ್ಲಿ ಸಿಗುವುದು ಅಪರೂಪ, ಪ್ರಕಾಶಕರಿಂದಲೇ ತರಿಸಿ. ಕಮ್ಮಟಕ್ಕೆ ಐದು ವಾರ ಮೊದಲು ಹಣ ಕಳಿಸಿದರೆ ಮೂರು ವಾರ ಓದಲು ಉಳಿಯುತ್ತದೆ. ಅಕ್ಷರ ಬಾರದ ಮಕ್ಕಳಿಗಾಗಿ ಚೆನ್ನಾಗಿ ಓದುವ ಒಬ್ಬರಿಂದ ಮೊದಲ ಎರಡು ಅಧ್ಯಾಯ ಓದಿಸಿ ಧ್ವನಿಮುದ್ರಿಸಿ ಕಳಿಸಬಹುದು. ಇದಕ್ಕೆ ಹಕ್ಕುದಾರರ ಒಪ್ಪಿಗೆ ಬೇಕು, ಬರವಣಿಗೆಯಲ್ಲಿ ಕೇಳಿ. ಕೇಳದೆ ಪಿಡಿಎಫ್ ಹಂಚುವುದು ಹಕ್ಕುಸ್ವಾಮ್ಯದ ಉಲ್ಲಂಘನೆ.

ಲಿಪಿ ಬಾರದ ಮಗು ಕಥೆ ಬರೆಯುವುದು ಹೇಗೆ

ಮುಂಬಯಿಯ ಕಮ್ಮಟ ಬೇರೆ ಊರಿನದಕ್ಕಿಂತ ಭಿನ್ನವಾಗುವುದು ಇಲ್ಲಿ, ಹೆಚ್ಚಿನ ತಯಾರಿ ಬೇಡುವುದೂ ಇದೇ. ಶಾಲೆಯಲ್ಲಿ ಇಂಗ್ಲಿಷ್, ಮರಾಠಿ, ಹಿಂದಿ. ಮನೆಯಲ್ಲಿ ತುಳುವೋ ಕೊಂಕಣಿಯೋ ಕುಂದಾಪುರದ ಕನ್ನಡವೋ ವಿಜಯಪುರದ ಕನ್ನಡವೋ. ಇಷ್ಟು ಮಾತು ಕಿವಿಯಲ್ಲಿರುವ ಮಗುವಿಗೆ ಬರಹಗಾರರಿಗೆ ಬೇಕಾದ ದೊಡ್ಡ ಬಂಡವಾಳ ಆಗಲೇ ಸಿಕ್ಕಿದೆ. ಅದನ್ನು ಕೊರತೆ ಎಂದು ನೋಡಿದ ಕ್ಷಣ ಮಗು ಪಠ್ಯಪುಸ್ತಕದ ಕನ್ನಡಕ್ಕೆ ಜಾರುತ್ತದೆ. ಆ ಕನ್ನಡದಲ್ಲಿ ಅದಕ್ಕೆ ಜಗಳವಾಡಲೂ ಬರದು.

ಬಾಯಲ್ಲಿ ಮಾತ್ರ ಕನ್ನಡ ಇರುವವರಿಗೆ ಮೂರು ದಾರಿ ತೆರೆದಿಡಿ. ದೇವನಾಗರಿಯಲ್ಲೋ ರೋಮನ್‌ನಲ್ಲೋ ಬರೆಯಲಿ. ಫೋನಿನಲ್ಲಿ ಕನ್ನಡ ಧ್ವನಿ ಟೈಪಿಂಗ್ ಬಳಸಲಿ. ಇದಕ್ಕೆ ನಿಶ್ಶಬ್ದ ಮೂಲೆ ಬೇಕು, ತುಳು ಬೆರೆತ ಮಾತನ್ನು ಅದು ತಪ್ಪಾಗಿ ಹಿಡಿಯುತ್ತದೆ. ಇಲ್ಲವೇ ಒಬ್ಬ ಸಹಾಯಕರಿಗೆ ಹೇಳಿ ಬರೆಸಲಿ. ಹೇಳಿದ್ದನ್ನು ಹೇಳಿದಂತೆಯೇ ಬರೆಯುವುದು ಸಹಾಯಕರ ಕೆಲಸ, ತಿದ್ದುವುದಲ್ಲ.

ಮರಾಠಿ ಬಲ್ಲ ಮಗುವಿಗೆ ಕನ್ನಡ ಲಿಪಿ ದೂರವೇನಲ್ಲ. ವರ್ಣಮಾಲೆಯ ಜೋಡಣೆ ಒಂದೇ, ಳಕಾರವೂ ಪರಿಚಿತ. ಎಡವುವುದು ಎ-ಏ, ಒ-ಓ ಜೋಡಿಗಳಲ್ಲಿ, ದೇವನಾಗರಿಯಲ್ಲಿ ಆ ಹ್ರಸ್ವಗಳಿಗೆ ಬೇರೆ ಗುರುತು ರೂಢಿಯಲ್ಲಿಲ್ಲ. ಕೆರೆ ಕೇರೆಯಾಗುತ್ತದೆ, ಕೊಡು ಕೋಡಾಗುತ್ತದೆ. ಇದನ್ನು ತಿದ್ದುವುದು ಎರಡನೇ ಕರಡಿನಲ್ಲಿ. ಕಮ್ಮಟದ ದಿನ ಕೆಂಪು ಪೆನ್ನು ಯಾರ ಕೈಯಲ್ಲೂ ಇರಬಾರದು.

ಕೋಣೆ ಮತ್ತು ಸಾಮಗ್ರಿ

ಸಭಾಗೃಹ ಬೇಡ. ಮೇಜು-ಕುರ್ಚಿ ಸರಿಸಬಹುದಾದ ತರಗತಿ ಕೋಣೆ ಬೇಕು, ಹಲಗೆ ಬೇಕು, ಪಕ್ಕದ ಹಾಲ್‌ನಲ್ಲಿ ಮದುವೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. 24 ಮಕ್ಕಳಿಗೆ ಮೈಕು ಬೇಡ. 30 ಗೆರೆಯಿಲ್ಲದ ನೋಟುಪುಸ್ತಕ (ಗೆರೆ ಕಂಡರೆ ಶಾಲೆ ನೆನಪಾಗುತ್ತದೆ), 40 ಪೆನ್ನು, ಗಟ್ಟಿ ಕಾಗದದ ಹೆಸರುಚೀಟಿ, ಒಂದು ಗೋಡೆ ಗಡಿಯಾರ. ಬೆಳಗ್ಗೆ ಇಡ್ಲಿ, 11.20ಕ್ಕೆ ಚಹಾ-ಬಿಸ್ಕಿಟ್, ಮಧ್ಯಾಹ್ನ ಹಗುರ ಊಟ. ಹೋಳಿಗೆ ಊಟ ಹಾಕಿದರೆ 1.15ರ ಬರವಣಿಗೆ ನಿದ್ದೆಗೆ ಹೋಗುತ್ತದೆ.

ದಿನದ ಕ್ರಮ

10.00: ಹತ್ತು ನಿಮಿಷ ಪರಿಚಯ, ಲೇಖಕರ ಬಗ್ಗೆ ಮೂರೇ ವಾಕ್ಯ.

10.10: ಕೈ ಬಿಸಿಮಾಡುವ ಬರಹ, 10 ನಿಮಿಷ. "ರಾತ್ರಿ 11ಕ್ಕೆ ನಿಮ್ಮ ಬಿಲ್ಡಿಂಗಿನಲ್ಲಿ ಕೇಳುವ ಐದು ಸದ್ದು." ಲಿಫ್ಟಿನ ಬಾಗಿಲು, ಮೇಲಿನ ಮನೆಯ ಮಿಕ್ಸರ್, ದೂರದ ಕೊನೆಯ ಲೋಕಲ್ ಎಲ್ಲ ಬರುತ್ತವೆ, ಸೋತೆ ಎಂದು ಯಾರಿಗೂ ಅನಿಸುವುದಿಲ್ಲ. ಐದು ನಿಮಿಷ ಓದು.

10.25: ಲೇಖಕರು 25 ನಿಮಿಷ. ತಮ್ಮ ಒಂದು ಪುಟದ ಮೊದಲ ಕರಡು, ಕೊನೆಯ ರೂಪ ಎರಡನ್ನೂ ತಂದು ತೋರಿಸಲು ಮೊದಲೇ ಕೇಳಿಕೊಳ್ಳಿ. ಅಚ್ಚಾದ ಪುಟ ಮಾತ್ರ ನೋಡಿದ ಮಗು ಅದು ಹಾಗೆಯೇ ಹುಟ್ಟಿತೆಂದು ನಂಬುತ್ತದೆ, ತನ್ನ ಗೀಚುಗಳನ್ನು ಕಂಡು ಪೆನ್ನು ಕೆಳಗಿಡುತ್ತದೆ.

10.50: ಪಾತ್ರ, 20 ನಿಮಿಷ ಬರಹ, 10 ನಿಮಿಷ ಓದು. ಸೂಚನೆ ಹೀಗಿರಲಿ: "ನಿಮ್ಮ ವಯಸ್ಸಿನ ಒಬ್ಬರಿಗೆ ಇವತ್ತು ಸಂಜೆ 7ರೊಳಗೆ ಒಂದು ಏನೋ ಬೇಕು. ಅದನ್ನು ಮನೆಯಲ್ಲಿ ಹೇಳುವ ಹಾಗಿಲ್ಲ." ಆಸೆಗೆ ಗಡಿಯಾರ ಕಟ್ಟಿದರೆ ಕಥೆ ತಾನೇ ಓಡುತ್ತದೆ. "ನಿಮಗಿಷ್ಟವಾದ ಪಾತ್ರ ಬರೆಯಿರಿ" ಎಂದು ಬಿಟ್ಟುಬಿಟ್ಟರೆ ನ್ಯೂಯಾರ್ಕಿನ ಪತ್ತೇದಾರರು, ಸಾವಿರ ವರ್ಷದ ರಾಕ್ಷಸರು ಬರುತ್ತಾರೆ.

11.35 (ಚಹಾ ಆದ ಮೇಲೆ): ಮಾತು, 30 ನಿಮಿಷ ಬರಹ, 25 ನಿಮಿಷ ಓದು. ಊರಿನಿಂದ ಅಜ್ಜಿಯ ಫೋನು ಬಂದಿದೆ, ಮಗು ಬಿಲ್ಡಿಂಗಿನ ಕೆಳಗೆ ಗೆಳೆಯರ ಜೊತೆ ಇದೆ. ಊಟ ಆಯಿತೇ ಎಂದು ಅಜ್ಜಿ ತುಳುವಿನಲ್ಲಿ "ಒಣಸ್ ಆಂಡಾ?" ಎನ್ನಲಿ, ಪಕ್ಕದಿಂದ ಗೆಳೆಯ "ಚಲ್ ನಾ" ಎಂದು ಎಳೆಯಲಿ. ಎಲ್ಲವನ್ನೂ ಕನ್ನಡ ಲಿಪಿಯಲ್ಲೇ ಬರೆದು, ಆವರಣದಲ್ಲಿ ಅರ್ಥ ಕೊಡದೆ, ಮುಂದಿನ ಉತ್ತರದಿಂದಲೇ ಅರ್ಥ ಹೊಳೆಯುವಂತೆ ಮಾಡುವುದು ಅಭ್ಯಾಸ. ಇಡೀ ದಿನದಲ್ಲಿ ಅತಿ ಹೆಚ್ಚು ನಗು, ಅತಿ ಒಳ್ಳೆಯ ಸಾಲುಗಳು ಹುಟ್ಟುವುದು ಇಲ್ಲಿ. ಹೊತ್ತು ಮೀರಿದರೆ ಬೇರೆಲ್ಲಾದರೂ ಕತ್ತರಿಸಿ, ಇದನ್ನು ಕತ್ತರಿಸಬೇಡಿ.

12.30: ಊಟ.

1.15: ದೀರ್ಘ ಬರಹ, 45 ನಿಮಿಷ, ಪೂರ್ತಿ ಮೌನ. ಬೆಳಗಿನ ಪಾತ್ರವನ್ನೋ ಫೋನನ್ನೋ ಹಿಡಿದು ಒಂದು ದೃಶ್ಯ. ಲೇಖಕರೂ ಕೂತು ಬರೆಯಲಿ. ಹಿಂದೆ ನಿಂತು ಇಣುಕುವುದು ಬೇಡ.

2.10 (ಹತ್ತು ನಿಮಿಷ ಬಿಡುವಿನ ನಂತರ): ಎಂಟೆಂಟರ ಮೂರು ಗುಂಪು, ಪ್ರತಿಯೊಂದಕ್ಕೂ ಒಬ್ಬ ಸಹಾಯಕರು. ಲೇಖಕರು 16 ನಿಮಿಷಕ್ಕೊಮ್ಮೆ ಗುಂಪು ಬದಲಿಸಲಿ. ಓದಿದ ಮೇಲೆ ಕೇಳಿದವರು ಎರಡೇ ಮಾಡಬಹುದು: ಕಣ್ಣಿಗೆ ಕಟ್ಟಿದ ಒಂದು ಸಂಗತಿ ಹೇಳುವುದು, ಒಂದು ಪ್ರಶ್ನೆ ಕೇಳುವುದು. "ಸೂಪರ್" ಎಂದರೆ ಲೆಕ್ಕಕ್ಕಿಲ್ಲ.

3.00: ಪ್ರಶ್ನೆಗಳು, ಹಸ್ತಾಕ್ಷರ. 3.45ಕ್ಕೆ ಮುಕ್ತಾಯ.

ಪ್ರಶ್ನೆ ಹೇಗೆ ಕೆಲಸ ಮಾಡುತ್ತದೆಂಬುದನ್ನು ಸಹಾಯಕರಿಗೆ ಮೊದಲೇ ತೋರಿಸಿಕೊಡಬೇಕು. ಮಗು ಹೀಗೆ ಬರೆದಿದೆ ಎನ್ನೋಣ: "ನಿಖಿಲ್‌ಗೆ ತುಂಬ ಬೇಜಾರಾಯಿತು. ಅವನ ಗೆಳೆಯ ಶಾಲೆ ಬಿಟ್ಟು ಹೋಗಿದ್ದ." ಇಲ್ಲಿ "ಭಾವನೆ ಸಾಲದು" ಎನ್ನುವುದು ನಿರುಪಯೋಗಿ. ಅವನು ಎಲ್ಲಿ ನಿಂತಿದ್ದ? ಇಬ್ಬರೂ ಇದ್ದಾಗ ಅಲ್ಲಿ ಏನು ಮಾಡುತ್ತಿದ್ದರು? ಈಗ ಕೈಯಲ್ಲಿ ಏನಿದೆ? ಹತ್ತು ನಿಮಿಷದಲ್ಲಿ ಅದೇ ಸಾಲು ಹೀಗಾಗಬಹುದು:

"ದಾದರಿನಲ್ಲಿ ಕಲ್ಯಾಣ್ ಲೋಕಲ್ ಬಂತು. ನಿಖಿಲ್ ಹತ್ತಲಿಲ್ಲ. ರೂಢಿಯಂತೆ ಎರಡು ವಡಾಪಾವ್ ತಗೊಂಡುಬಿಟ್ಟಿದ್ದ. ಒಂದು ತಿಂದ. ಇನ್ನೊಂದನ್ನು ಬ್ಯಾಗಿಗೆ ಹಾಕಿದ. ಮನೆ ಮುಟ್ಟುವಾಗ ಗಣಿತದ ಪುಸ್ತಕಕ್ಕೆಲ್ಲ ಎಣ್ಣೆ."

ಬೇಜಾರು ಎಂಬ ಮಾತೇ ಇಲ್ಲ. ಮಗುವಿಗೆ ಗೊತ್ತಿರದ ಒಂದು ಪದವೂ ಇಲ್ಲ.

ಎಲ್ಲಿ ಕೆಡುತ್ತದೆ

ಪಾಲಕರು ಒಳಗೆ ಕೂತರೆ ಕೆಡುತ್ತದೆ. ಅಮ್ಮ ಹಿಂದಿನ ಬೆಂಚಿನಲ್ಲಿದ್ದರೆ ಮಗಳು ಮನೆಯ ಬಗ್ಗೆ ಬರೆಯುವುದಿಲ್ಲ. ಅವರಿಗೆ ಬೇರೆ ಕೋಣೆ, ಚಹಾ, 3.30ಕ್ಕೆ ಬರುವ ಸಮಯ ಮೊದಲೇ ತಿಳಿಸಿ. ಕಥೆಯ ಕೊನೆಗೆ ನೀತಿ ಹಚ್ಚುವುದು ಇನ್ನೊಂದು ಸಮಸ್ಯೆ, ಸ್ಪರ್ಧೆಗಳಲ್ಲಿ ಬಹುಮಾನ ಪಡೆದ ಮಕ್ಕಳಲ್ಲಿ ಹೆಚ್ಚು. ಕೊನೆಯ ಎರಡು ವಾಕ್ಯ ಹೊಡೆದುಹಾಕಿ ಮತ್ತೆ ಓದಲು ಹೇಳಿ, ಅವರಿಗೇ ತಿಳಿಯುತ್ತದೆ. ಬಹುಮಾನವನ್ನಂತೂ ಇಡಲೇಬೇಡಿ. ಒಬ್ಬರಿಗೆ ಮೊದಲ ಸ್ಥಾನ ಕೊಟ್ಟರೆ 23 ಮಂದಿ ಸೋತು ಮನೆಗೆ ಹೋಗುತ್ತಾರೆ.

ಇನ್ನೊಂದು ಸಂಗತಿ ಗಂಭೀರವಾದದ್ದು. ಮನಸ್ಸು ಬಿಚ್ಚಿ ಬರೆಯಿರಿ ಎಂದಾಗ ಮಗು ತನ್ನ ಮೇಲಾದ ದೌರ್ಜನ್ಯವನ್ನೋ ಸಾಯುವ ಯೋಚನೆಯನ್ನೋ ಬರೆಯಬಹುದು. ಅದನ್ನು ಗುಂಪಿನಲ್ಲಿ ಓದಿಸಬೇಡಿ, ಗುಟ್ಟಾಗಿಡುತ್ತೇನೆ ಎಂದು ಮಾತೂ ಕೊಡಬೇಡಿ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯಂತೆ 18ರೊಳಗಿನವರೆಲ್ಲ ಮಕ್ಕಳೇ, ಲೈಂಗಿಕ ದೌರ್ಜನ್ಯ ಗೊತ್ತಾದ ಮೇಲೆ ಪೊಲೀಸರಿಗೆ ತಿಳಿಸುವುದು ಕಾನೂನಿನ ಕರ್ತವ್ಯ. ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯದ ಟೆಲಿ-ಮಾನಸ್ 14416. ಈ ಸಂಖ್ಯೆಗಳು ಹಲಗೆಯ ಮೂಲೆಯಲ್ಲಿ ದಿನವಿಡೀ ಇರಲಿ. ಕೋಣೆಯಲ್ಲಿ ಯಾವಾಗಲೂ ಇಬ್ಬರು ದೊಡ್ಡವರಿರಲಿ, ಒಬ್ಬರಾದರೂ ಮಹಿಳೆ. ಲೇಖಕರೂ ಮಕ್ಕಳೂ ಫೋನ್ ನಂಬರ್ ಬದಲಿಸಿಕೊಳ್ಳುವುದು ಬೇಡ, ಎಲ್ಲವೂ ಸಂಘದ ಮೂಲಕ. ಫೋಟೊಗೆ ಪಾಲಕರ ಸಹಿ ನೋಂದಣಿ ಅರ್ಜಿಯಲ್ಲೇ ಪಡೆಯಿರಿ.

ಆಮೇಲೆ

ಎರಡನೇ ಕರಡಿಗೆ ಎರಡು ವಾರ ಕೊಡಿ, ಮೂರು ಕೊಟ್ಟರೆ ಪರೀಕ್ಷೆ ನುಂಗುತ್ತದೆ. ಗುಂಪಿನಲ್ಲಿ ಲೇಖಕರ ಕಿವಿಗೆ ಬೀಳುವುದು ಎಂಟರಲ್ಲಿ ಎರಡು ಮೂರು ಬರಹ ಮಾತ್ರ. ಆದ್ದರಿಂದ 24 ಕರಡುಗಳನ್ನೂ ಅವರಿಗೆ ಕಳಿಸಿ, ಪ್ರತಿಯೊಂದಕ್ಕೂ ನಾಲ್ಕೈದು ಸಾಲಿನ ಟಿಪ್ಪಣಿ ಬರೆಸಿ. ಇದು ಎರಡು ದಿನದ ಕೆಲಸ, ಅದಕ್ಕೆ ಬೇರೆ ಸಂಭಾವನೆ ಇರಲಿ, ಆಹ್ವಾನದ ಪತ್ರದಲ್ಲೇ ಅದು ನಮೂದಾಗಿರಲಿ.

ಪುಸ್ತಿಕೆ ತರುವುದಾದರೆ 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ ಕಥೆಯ ಒಡೆತನ ಬರೆದ ಮಗುವಿನದು. ಸಂಘ ಪಡೆಯಬೇಕಾದದ್ದು ಒಂದು ಸಲ ಅಚ್ಚು ಹಾಕುವ ಅನುಮತಿ, ಪಾಲಕರ ಸಹಿಯೊಂದಿಗೆ. ನಡುವೆ ಪಿನ್ ಹೊಡೆಯುವ ಪುಸ್ತಿಕೆಯ ಪುಟಗಳು ನಾಲ್ಕರಿಂದ ಭಾಗವಾಗಬೇಕು: 48, 52, 56. ಮಕ್ಕಳು ಟೈಪ್ ಮಾಡುವುದು ಯೂನಿಕೋಡ್‌ನಲ್ಲಿ, ಹಲವು ಮುದ್ರಣಾಲಯಗಳು ಪುಟ ಕಟ್ಟುವುದು ನುಡಿ, ಬರಹ ಎಂಬ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ. ಪರಿವರ್ತನೆಯಲ್ಲಿ ಅರ್ಕಾವತ್ತು, ಒತ್ತಕ್ಷರಗಳು ಚದುರುತ್ತವೆ. ಕರಡಚ್ಚನ್ನು ಮೂಲದ ಪಕ್ಕ ಇಟ್ಟುಕೊಂಡೇ ತಿದ್ದಿ. ಆಗ ಇನ್ನೊಂದು ಎಚ್ಚರ ಬೇಕು: ಮಗು ಬೇಕೆಂದೇ ಬರೆದ "ತಗೊಂಡುಬಿಟ್ಟಿದ್ದ" ಎಂಬುದನ್ನು ಕರಡು ತಿದ್ದುವವರು "ತೆಗೆದುಕೊಂಡಿದ್ದನು" ಮಾಡಿಬಿಡುತ್ತಾರೆ. ಹಾಗೆ ಮಾಡಬಾರದೆಂದು ಅವರಿಗೆ ಬರೆದು ಕೊಡಿ, ಅಚ್ಚಿಗೆ ಹೋಗುವ ಮುನ್ನ ಪ್ರತಿ ಮಗುವೂ ತನ್ನ ಪುಟ ನೋಡಿ ಒಪ್ಪಲಿ.